ಕೆರೆಯ ದಂಡೆಯ ಇಂಗ್ಲಿಷ್ ಕ್ಲಾಸು

ಎಂಬತ್ತರ ದಶಕದ ನಡುಭಾಗದಲ್ಲಿ ನಾನು ನವಲಗುಂದದ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಅಂದರೆ ದೊಡ್ಡ ಪದವಿಯೇನಲ್ಲ, ವಿಭಾಗದಲ್ಲಿ ಇದ್ದವನೇ ನಾನೊಬ್ಬ. ಹೆಲೆನ್ ಎಂಬ ಇಂಗ್ಲೆಂಡಿನ ಶಿಕ್ಷಕಿ ಒಂದು ವರ್ಷದ ಮಟ್ಟಿಗೆ ನಮ್ಮಲ್ಲಿಗೆ ಬಂದರು. ಅದಕ್ಕೂ ಮೊದಲು ಅವರು ಚೀನಾದ ಒಂದು ಕಾಲೇಜಿನಲ್ಲಿ ಕಲಿಸಿದ್ದರು.

ಆಗ ಬಿ.ಎ. ಕೊನೆಯ ವರ್ಷದಲ್ಲಿ ಶಾಂತವ್ವ ಎಂಬ ಹುಡುಗಿ ಇದ್ದಳು. ಪುಸ್ತಕವೆಲ್ಲ ಬಾಯಿಪಾಠ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಉತ್ತರಪತ್ರಿಕೆ ಖಾಲಿ. ಹಿಂದಿನ ವರ್ಷ ಇಂಗ್ಲಿಷ್‌ನಲ್ಲೇ ಫೇಲಾಗಿದ್ದಳು. ಅವಳ ಅಪ್ಪ ಬಸಪ್ಪ, ಒಕ್ಕಲುತನದ ಮನುಷ್ಯ, ನನ್ನೆದುರೇ ಹೇಳಿಬಿಟ್ಟಿದ್ದ: "ಇದೊಂದ ಸಲ ನೋಡತೇನ್ರಿ ಸರ. ಮತ್ತ ಫೇಲಾದ್ಲಂದ್ರ ಲಗ್ನಾ ಮಾಡಿ ಕೈ ತೊಳಕೋತೇನಿ."

ಹೆಲೆನ್ ಏನೇ ಕೇಳಲಿ, ಇಡೀ ತರಗತಿ ತಲೆ ತಗ್ಗಿಸುತ್ತಿತ್ತು. ಗುರುಗಳ ಮುಂದೆ ಬಾಯಿ ಮಾಡಬಾರದೆಂದು ಬೆಳೆದ ಮಕ್ಕಳು. ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ ನನಗೋ ಸಿಟ್ಟು ನೆತ್ತಿಗೇರಿತು. "ಬಾಯಾಗ ಕಡಬು ಇಟ್ಕೊಂಡೀರೇನಲೇ?" ಎಂದು ಗದರಿದೆ. ತಗ್ಗಿದ ತಲೆಗಳು ಇನ್ನಷ್ಟು ತಗ್ಗಿದವು.

ಹೆಲೆನ್ ಮಾತ್ರ ನಕ್ಕರು. ಚೀನಾದಲ್ಲೂ ಹೀಗೇ ಆಗಿತ್ತಂತೆ: ತರಗತಿಯಲ್ಲಿ ತುಟಿ ಬಿಚ್ಚದವರು ಸಂಜೆ ಗುಂಪಾಗಿ ಅವರ ಕೋಣೆಗೆ ಬಂದು, ಹೋಗಿ ಅಂದರೂ ಹೋಗದೆ ಮಾತಾಡುತ್ತಿದ್ದರಂತೆ. "ಮೊದಮೊದಲು ಅವರನ್ನು ದಡ್ಡರೆಂದುಕೊಂಡಿದ್ದೆ. ದಡ್ಡಿ ನಾನೇ!" ಎಂದವರು, "ನಿಮ್ಮ ಹುಡುಗಿಯರು ಸಂಜೆ ಎಲ್ಲಿರುತ್ತಾರೆ?" ಎಂದು ಕೇಳಿದರು.

"ಕೆರೆಯ ಹತ್ತಿರ, ನೀರಿಗೆ," ಎಂದೆ. ಊರ ಬಾವಿಗಳ ನೀರೆಲ್ಲ ಸವಳು, ಕುಡಿಯಲು ಕೆರೆಯೇ ಗತಿ. ಕೊಡ ಹಿಡಿದು ಹೊರಟ ಮಗಳನ್ನು ಯಾವ ಅಪ್ಪನೂ ತಡೆಯುತ್ತಿರಲಿಲ್ಲ.

ಮರುದಿನ ಹೆಲೆನ್ ಒಂದು ಕೊಡ ಕೊಂಡು ಹೊರಟೇಬಿಟ್ಟರು. ಏನು ಪಜೀತಿಯಾಗುತ್ತದೋ ಎಂದು ನಾನೂ ಹೋಗಿ ದಂಡೆಯ ಮೇಲೆ ನಿಂತೆ. ತುಂಬಿದ ಕೊಡ ಅವರ ತಲೆಯ ಮೇಲೆ ನಿಲ್ಲಲೊಲ್ಲದು, ಮೈಯೆಲ್ಲ ನೀರು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಶಾಂತವ್ವ ಮುಂದೆ ಬಂದು ತನ್ನ ಬಟ್ಟೆಯ ಸಿಂಬಿಯನ್ನು ಅವರ ತಲೆಗಿಟ್ಟು, ಕೊಡ ಕೂರಿಸಿ ಕೂಗಿದಳು: "ಮೇಡಂ, ನೆಕ್ ಸ್ಟ್ರೇಟ್! ಡೋಂಟ್ ಲುಕ್ ಡೌನ್!"

ಪುಸ್ತಕದಲ್ಲಿಲ್ಲದ ಇಂಗ್ಲಿಷನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅಬ್ಬಾ, ಎಷ್ಟು ಖುಷಿಯಾಯಿತು!

ಆಮೇಲೆ ದಿನಾ ಸಂಜೆ ಕೆರೆಯ ದಂಡೆಯೇ ಕ್ಲಾಸು. ಪಠ್ಯದ ಕಥೆಯನ್ನು ಹುಡುಗಿಯರು ತಮ್ಮ ಮಾತಿನಲ್ಲಿ ಹೇಳುತ್ತ, ತಪ್ಪಿದರೆ ನಗುತ್ತ ಮನೆಯತ್ತ ನಡೆಯುತ್ತಿದ್ದರು. ಹುಡುಗರಿಗೆ ಹೊಟ್ಟೆಕಿಚ್ಚು. "ನಾವೂ ಕೊಡಾ ತರೂಣೇನ್ರಿ ಸರ?" ಎಂದು ನನ್ನನ್ನೇ ಕಾಡಿದರು.

ಶಾಂತವ್ವ ಪಾಸಾದಳು. ಬಸಪ್ಪ ಮನೆಗೆ ಬಂದಾಗ ನಾನು ಕೆಣಕಿದೆ: "ಮತ್ತ ಲಗ್ನಾ ಯಾವಾಗಪಾ?"

"ಲಗ್ನಾ ಎಲ್ಲಿ ಓಡಿ ಹೊಕ್ಕೈತ್ರಿ? ಎಂ.ಎ. ಓದತೇನಿ ಅಂತಾಳ. ಧಾರವಾಡದಾಗ ಹೆಣ್ಣಮಕ್ಕಳ ಹಾಸ್ಟೆಲ್ಲಿನ್ಯಾಗ ಒಂದ ಜಾಗಾ ಕೊಡಸ್ತೀರೇನ್ರಿ?"

ಮಾರನೆಯ ದಿನವೇ ಮೊದಲ ಬಸ್ಸು ಹಿಡಿದು ಧಾರವಾಡಕ್ಕೆ ಹೋದೆ. ಆಮೇಲೆ ನಿವೃತ್ತಿಯಾಗುವ ತನಕ, ತರಗತಿಯಲ್ಲಿ ಬಾಯಿ ಬಿಡದ ಮಕ್ಕಳನ್ನು ನಾನು ದಡ್ಡರೆನ್ನಲಿಲ್ಲ. ಅವರು ಎಲ್ಲಿ ಮಾತಾಡುತ್ತಾರೋ ಅಲ್ಲಿಗೆ ನಾನೇ ಹೋದೆ.