ನೇರಮಾಡಿದ ಚಿತ್ರಗಳು

ಜಪಾನಿನ ಕನಜಾವದ ಪ್ರಯೋಗಶಾಲೆಯಲ್ಲಿ ತೊಕುಜಿಯ ಕೆಲಸವೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಮೊನೆಯಿಂದ ಪ್ಲಾಸ್ಟಿಕ್ ಪದರಗಳನ್ನು ತಡವಿ ಚಿತ್ರ ತೆಗೆಯುವುದು. ಆವಿ ಹಾಯಿಸಿದಾಗ ಪದರದ ಅಣುಗಳ ಎಳೆಗಳು ಜರುಗಿದಂತೆ ಕಂಡರೆ, ಯಂತ್ರ ಅಲುಗಿದೆಯೆಂದು ತನ್ನ ಚಿತ್ರಗಳನ್ನೂ ಸಹಾಯಕಿ ತೆಗೆದವನ್ನೂ ಕಂಪ್ಯೂಟರಿನಲ್ಲಿ ನೇರಮಾಡಿಬಿಡುತ್ತಿದ್ದ.

"ತೊಕುಜಿ-ಸಾನ್, ಯಂತ್ರ ಅಲ್ಲ, ಎಳೆಗಳೇ ತೆವಳ್ತಿವೆ," ಎಂದಿದ್ದಳು ಸಹಾಯಕಿ ಚಿಯೊರಿ.

"ಎಳೆಗೂ ಕಾಲು ಬಂತಾ? ನೀನೇ ಸೀನಿ ಯಂತ್ರ ಅಲುಗಿಸಿರ್ತೀಯ ಬಿಡು!" ಎಂದಿದ್ದ ತೊಕುಜಿ.

ಎಲ್ಲರೂ ನಕ್ಕಿದ್ದರು. ಆ ವಸಂತದಲ್ಲೇ ಅವಳು ಕೆಲಸ ಬಿಟ್ಟು ತವರಿನ ತೋಫು ಅಂಗಡಿ ಸೇರಿದಳು.

ಹನ್ನೆರಡು ವರ್ಷಗಳ ಮೇಲೆ ಬಂದ, ಒಂದರ ಹಿಂದೊಂದು ಚಿತ್ರ ತೆಗೆಯುವ ವೇಗದ ಯಂತ್ರದಲ್ಲಿ ಎಳೆಗಳು ಹುಳುವಿನಂತೆ ತೆವಳುವುದನ್ನು ತೊಕುಜಿ ಕಣ್ಣಾರೆ ಕಂಡ. ಮರುದಿನವೇ ಅಂಗಡಿಗೆ ಹೋಗಿ, ಫೋನಿನಲ್ಲಿ ಅದರ ವಿಡಿಯೊ ತೋರಿಸಿ, ಸೊಂಟ ಬಗ್ಗಿಸಿ ಕ್ಷಮೆ ಕೇಳಿದ.

ಒದ್ದೆ ಕೈ ಒರೆಸಿಕೊಂಡು ನೋಡಿದ ಚಿಯೊರಿ, "ನಾನು ತೆಗೆದಿದ್ದ ಚಿತ್ರಗಳು ಇದಾವಾ?" ಎಂದಳು.

ಅವನು ಇನ್ನಷ್ಟು ಬಗ್ಗಿದ. ಮೂಲ ಚಿತ್ರಗಳನ್ನು ಅಳಿಸಿ, ನೇರಮಾಡಿದವನ್ನಷ್ಟೇ ಉಳಿಸಿಕೊಂಡಿದ್ದ.