ಮಂದಿಗೆ ಬೆನ್ನು ಕೊಟ್ಟು ನಿಂತೆ

ಗೆಳೆಯಾರ, ಇವತ್ತ ನಿಪ್ಪಾಣಿ ತಂಬಾಕಿನ ಗೋದಾಮದಾಗ ಸಿನಿಮಾ ಶೂಟಿಂಗ್ ಇತ್ತು. ಅದರಾಗ ನಂದೂ ಒಂದು ಪಾರ್ಟು. ಮಗಳ ಲಗ್ನ ಮುರಿದ ಸುದ್ದಿ ಕೇಳೋ ಅಪ್ಪ. ನಮ್ಮೂರು ಭೋಜದಾಗಿನ ನಾಟಕದಾಗ ಇಪ್ಪತ್ತು ವರ್ಷ ರಾಜನ ಪಾರ್ಟು ಮಾಡಿದಾವ ನಾನು, ಇದೇನ್ ಮಹಾ ಅಂತ ಹೋಗಿದ್ದೆ.

ಕ್ಯಾಮೆರಾ ಶುರು ಆದಕೂಡ್ಲೇ ಎದುರಿಗಿದ್ದ ಮಗಳ ಪಾರ್ಟಿನ ಹುಡುಗೀನ ಬಿಟ್ಟು, ನೋಡಾಕ ಬಂದ ಮಂದಿ ಕಡೆ ತಿರುಗಿ, ಕಡೀ ಸಾಲಿಗೂ ಕೇಳೋಹಂಗ ಒದರಿದೆ.

"ಕಟ್! ಯಜಮಾನ್ರೇ, ಆ ಕಡೆ ಯಾಕೆ ನೋಡ್ತೀರಿ? ಮಗಳನ್ನ ನೋಡಿ" ಅಂದ್ರು ಬೆಂಗಳೂರಿನ ಡೈರೆಕ್ಟರ್.

"ಮಂದಿಗೆ ಬೆನ್ನು ತೋರಿಸಬಾರ್ದ್ರಿ ಸಾಹೇಬ್ರ. ನಮ್ಮ ನಾಟಕದಾಗ ಅದು ದೊಡ್ಡ ತಪ್ಪು."

"ಮಂದಿ ಇಲ್ಲವೇ ಇಲ್ಲ ಅಂದ್ಕೊಳ್ಳಿ. ಆ್ಯಕ್ಟಿಂಗ್ ಮಾಡ್ಬೇಡಿ."

ಮೂರು ಸಲ ಹಿಂಗ ಆತು. ರೀಲು ಹಾಳಾಗಾಕತ್ತೈತಿ ಅಂತ ಕ್ಯಾಮೆರಾದವ ಗೊಣಗಿದ. ನಾಲ್ಕನೇ ಸಲ ದೇವರ ಮ್ಯಾಲ ಭಾರ ಹಾಕಿ ಮಂದಿಗೆ ಬೆನ್ನು ಕೊಟ್ಟು ನಿಂತೆ. ಹಿಂದ ಯಾರ್ ನಗಾಕತ್ತಾರೋ ಕಾಣವಲ್ದು. ಮಾತು ಮರೆತೆ. ನಾಟಕದಾಗ ಆಗಿದ್ರ ಪರದೆ ಹಿಂದಿಂದ ಮಾಸ್ತರ ಮಾತು ಹೇಳಿಕೊಡ್ತಿದ್ದ, ಇಲ್ಲಿ ಯಾರೂ ಇಲ್ಲ. ಕೈ, ತುಟಿ ಎಲ್ಲಾ ಗಡಗಡ ನಡುಗಿದವು.

"ಕಟ್! ಇದೇ ಬೇಕಾಗಿತ್ತು ನೋಡಿ!" ಅಂತ ಡೈರೆಕ್ಟರ್ ಓಡಿ ಬಂದು ಕೈ ಹಿಡಕೊಂಡ್ರು.

ಮಂದಿ ಶಾಬಾಸ್ ಅನ್ನಾಕತ್ತಾರ. ಆದ್ರ ಅದು ಆ್ಯಕ್ಟಿಂಗ್ ಅಲ್ರಿ, ಖರೇನ ಅಂಜಿದ್ದೆ. ಇಪ್ಪತ್ತು ವರ್ಷ ಬಣ್ಣ ಹಚ್ಚಿ, ಮೀಸಿ ಅಂಟಿಸಿ ಮುಚ್ಚಿಟ್ಟಿದ್ದ ಅಂಜಿಕಿ, ಇನ್ನ ಥೇಟರದಾಗ ಪರದೆ ತುಂಬ ಕಾಣತೈತಲ್ರಿ!