ಕೈಗೇನೂ ಆಗಿಲ್ಲ ಎಂದವನು

ನನ್ನ ಗಡಿಯಾರ ರಿಪೇರಿ ಅಂಗಡಿಗೂ ಬೆಣ್ಣೆಕೈಯ ಕ್ಷೌರದಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ಅತ್ತ ಅವನು ಕತ್ತರಿ ಆಡಿಸಿದರೆ ಇತ್ತ ನನಗೆ ಕೇಳುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಬೀದಿಯ ಪಾಲಿಗೆ ಅವನು ಬೆಣ್ಣೆಕೈ. ಗಡ್ಡ ತೆಗೆಯುವಾಗ ಕತ್ತಿ ಕೆನ್ನೆಯ ಮೇಲಿದೆಯೋ ಇಲ್ಲವೋ ಎಂಬುದೇ ಗೊತ್ತಾಗುತ್ತಿರಲಿಲ್ಲ. ಎಷ್ಟೋ ಜನ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ನೆತ್ತಿಯ ಮೇಲೆ ನಾಲ್ಕು ಕೂದಲು ಉಳಿದಿರುವ ನಾನೂ ಆಗಾಗ ಹೋಗಿ ಕೂರುತ್ತಿದ್ದೆ. ನಿಮ್ಮ ಹತ್ತಿರ ಕತ್ತರಿಸುವ ಕೂಲಿಗಿಂತ ಹುಡುಕುವ ಕೂಲಿ ಜಾಸ್ತಿ ಕೇಳಬೇಕು ಎಂದು ಗೇಲಿ ಮಾಡುತ್ತಿದ್ದ.

ಅವನ ಕಸುಬಿನ ಒಂದು ಕಷ್ಟ ನನಗೆ ತಿಳಿದದ್ದು ಬಹಳ ತಡವಾಗಿ. ಬಡಗಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಕ್ಷೌರಿಕ ಸುತ್ತಿಕೊಂಡರೆ ಎದ್ದು ಎದುರಿನ ಅಂಗಡಿಗೆ ಹೋಗುತ್ತಾರೆ. ತಪ್ಪೇನು, ಕುರ್ಚಿಯಲ್ಲಿ ಕೂತವನು ಗಂಟಲನ್ನೇ ಒಪ್ಪಿಸಿರುತ್ತಾನೆ. ಅದಕ್ಕೇ ಅವರ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ನೇಮ ಒಂದಿತ್ತು: ಹಲ್ಲುನೋವು, ಹೊಟ್ಟೆನೋವು ಊರಿಗೆಲ್ಲ ಹೇಳಿಕೋ, ಕೈನೋವನ್ನು ಮಾತ್ರ ಯಾರಿಗೂ ಹೇಳಬೇಡ. ಆ ನೇಮವೇ ಅವನ ಮನೆ ಮುರಿಯಿತು.

ಬೀದಿ ಬಿಟ್ಟು ಪಕ್ಕದ ಊರಿಗೆ ಹೋಗಿದ್ದ ಹಳೆಯ ನೆರೆಯವರೊಬ್ಬರಿಗೆ ಕಾಯಿಲೆ ಎಂದು ನಾಲ್ವರು ನೋಡಲು ಹೊರಟಿದ್ದರು. ಕಾರು ಇಸ್ತ್ರಿ ಅಂಗಡಿಯವನದು, ಓಡಿಸುತ್ತಿದ್ದವನೂ ಅವನೇ. ಪಕ್ಕದಲ್ಲಿ ನಿವೃತ್ತ ಮೇಷ್ಟ್ರು. ಹಿಂದೆ ಬೆಣ್ಣೆಕೈ ಮತ್ತು ಅವನ ಅಕ್ಕ. ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡ ಅವನನ್ನು ಸಾಕಿದವಳು ಈ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ತಿರುವಿನಲ್ಲಿ ಎದುರಿನಿಂದ ಬಂದ ಕಾರೊಂದು ತನ್ನ ದಾರಿ ಬಿಟ್ಟು ಇವರ ಮೇಲೆ ನುಗ್ಗಿತು. ತಪ್ಪು ಪೂರ್ತಿ ಆ ಕಾರಿನವನದೇ ಎಂದು ಪೊಲೀಸರೂ ಬರೆದರು. ಇಸ್ತ್ರಿಯವನ ಭುಜ ಹೋಯಿತು. ಮೇಷ್ಟ್ರ ಕಣ್ಣಿಗೆ ಗಾಜು ಹೊಕ್ಕಿತು. ಅಕ್ಕನ ಸೊಂಟದ ಮೂಳೆ ಮುರಿಯಿತು. ಬೆಣ್ಣೆಕೈಗೆ ಪಕ್ಕೆಲುಬಿನಲ್ಲಿ ಬಿರುಕು, ಬಲ ಮೊಣಕೈಯಲ್ಲಿ ಅವನು ಡಾಕ್ಟರಿಗೂ ತೋರಿಸದ ಬಾವು.

ವಿಮೆ ಕಂಪನಿಯವನು ಹೇಳಿಕೆ ಬರೆದುಕೊಳ್ಳಲು ಆಸ್ಪತ್ರೆಗೆ ಬಂದಾಗ ನಾನು ಅಲ್ಲೇ ಇದ್ದೆ. ನಾನೊಬ್ಬನೇ ಏನು, ಅರ್ಧ ಬೀದಿಯೇ ಮಂಚಗಳ ಸುತ್ತ ನಿಂತಿತ್ತು, ಎಲ್ಲರೂ ಬೆಣ್ಣೆಕೈಯ ಗಿರಾಕಿಗಳು. ನಿಮಗೆ ಎಲ್ಲೆಲ್ಲಿ ಪೆಟ್ಟಾಗಿದೆ ಎಂದು ಕೇಳಿದಾಗ ಅವನು ಬಲಗೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಸರಿಸಿಕೊಂಡ.

"ಪಕ್ಕೆಗೆ ಸ್ವಲ್ಪ ಪೆಟ್ಟಾಗಿದೆ ಸ್ವಾಮಿ. ಕೈಗೇನೂ ಆಗಿಲ್ಲ. ಅದನ್ನೂ ಬರ್ಕೊಳ್ಳಿ, ಕೈಗೇನೂ ಆಗಿಲ್ಲ."

ಎರಡನೆಯ ಸಲ ಹೇಳಿದ್ದು ವಿಮೆಯವನಿಗಲ್ಲ, ಸುತ್ತ ನಿಂತಿದ್ದ ನಮಗೆ. ನಮಗೂ ಸಮಾಧಾನವಾಯಿತು. ಎಂಥ ಪೆದ್ದರು ನಾವು.

ಇನ್ನು ಆ ವಿಮೆಯ ವಿಷಯ. ಗುದ್ದಿದವನ ಕಾರಿಗಿದ್ದ ವಿಮೆಗೆ ಒಂದು ಮಿತಿಯಿತ್ತು. ಒಂದು ಅಪಘಾತಕ್ಕೆ ಇಷ್ಟು, ಅಷ್ಟೇ. ಪೆಟ್ಟು ತಿಂದವರು ಒಬ್ಬರಾದರೂ ಅಷ್ಟೇ, ನಾಲ್ವರಾದರೂ ಅಷ್ಟೇ. ಗುದ್ದಿದವನ ಕೈಯಲ್ಲಿ ಬೇರೆ ಬಿಡಿಗಾಸಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಕಟ್ಟಿದ ಪುಣ್ಯಾತ್ಮರು ಒಂದೇ ಹಾಸಿಗೆಯಲ್ಲಿ ನಾಲ್ವರನ್ನು ಮಲಗಿಸಿ ನೋಡಿರಲಿಲ್ಲ. ಒಬ್ಬರು ಹೊದಿಕೆ ಎಳೆದುಕೊಂಡರೆ ಇನ್ನೊಬ್ಬರ ಕಾಲು ಹೊರಗೆ. ಇವರು ಜಗಳವಾಡದೆ ಒಬ್ಬನೇ ವಕೀಲನನ್ನು ಹಿಡಿದರು. ಯಾರ ಪೆಟ್ಟು ಎಷ್ಟೋ ಅವರ ಪಾಲು ಅಷ್ಟು ಎಂದು ಮಾತಾಯಿತು. ಪಕ್ಕೆಲುಬಿನ ಬಿರುಕಿಗೆ ಎಷ್ಟು ತಾನೇ ಸಿಕ್ಕೀತು? ಬೆಣ್ಣೆಕೈಯ ಪಾಲು ಔಷಧಿ ಅಂಗಡಿಯ ಸಾಲಕ್ಕೇ ಸಾಲದು. ಅವನು ನಕ್ಕು, ಅಕ್ಕನ ಕಾಲು ನೆಟ್ಟಗಾದರೆ ಸಾಕು ಅಂದ.

ಆಸ್ಪತ್ರೆಯಿಂದ ಬಂದು ಅವನು ಮತ್ತೆ ಅಂಗಡಿ ತೆರೆದ ಮೊದಲ ವಾರಗಳಲ್ಲೇ ಹಲಗೆ ಗೋಡೆಯಾಚೆ ಕತ್ತರಿಯ ಸದ್ದು ಬದಲಾಗಿತ್ತು. ಮೊದಲು ಒಂದೇ ಸಮನೆ ಕೇಳುತ್ತಿದ್ದದ್ದು ಈಗ ತಡವರಿಸುತ್ತಿತ್ತು. ಗಡ್ಡಕ್ಕೆ ಬಂದವರಿಗೆ ಬ್ಲೇಡು ತೀರಿದೆ, ನೀರಿಲ್ಲ, ಸಂಜೆ ಬನ್ನಿ ಎಂದು ಏನಾದರೊಂದು ನೆವ. ಮೇಷ್ಟ್ರಿಗೆ ಮಾತ್ರ ಇಲ್ಲವೆನ್ನಲು ಆಗಲಿಲ್ಲ. ಅವರು ಬಂದ ದಿನ ಕತ್ತಿ ಜಾರಿ ಅವರ ಕಿವಿಯ ಕೆಳಗೆ ಉದ್ದಕ್ಕೆ ಗೀರಿತಂತೆ, ಬೆಣ್ಣೆಕೈಯೇ ಆಮೇಲೆ ನನಗೆ ಹೇಳಿದ. ರಕ್ತ ಒರೆಸಿಕೊಳ್ಳುತ್ತಾ ಮೇಷ್ಟ್ರು ಅಂಗಿಯ ಕಾಲರ್ ಮೇಲಕ್ಕೆಳೆದು, ನಾನೇ ಮನೆಯಲ್ಲಿ ಕುಯ್ದುಕೊಂಡೆ ಅಂತೀನಿ ಬಿಡು ಎಂದು ಎದ್ದುಹೋದರು. ಅವನ ಮೇಲಿನ ಪ್ರೀತಿಯಿಂದಲೇ ಹಾಗೆ ಅಂದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಕೊನೆಗೆ ಕಿರುಬೆರಳು ಮಡಚಿಕೊಂಡು ನೆಟ್ಟಗಾಗದೆ ಹೋದಾಗ ಅವನನ್ನು ನಾನೇ ದೊಡ್ಡ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಮೊಣಕೈಯಲ್ಲಿ ನರ ಅಮುಕಿಕೊಂಡಿದೆ, ಬೇಗ ಆಪರೇಷನ್ ಮಾಡಿದರೆ ಕೈ ಬರುತ್ತದೆ, ತಡ ಮಾಡಿದರೆ ಆಮೇಲೆ ಏನು ಮಾಡಿದರೂ ಬರುವುದಿಲ್ಲ ಎಂದರು. ಖರ್ಚು ಕೇಳಿ ಅವನು ಡಾಕ್ಟರ ಚೀಟಿ ಮಡಚಿ ಜೇಬಿಗಿಟ್ಟುಕೊಂಡ. ಸಾಲ ಕೊಡುವವರು ನಿನ್ನ ಕೈ ಚೆನ್ನಾಗಿದ್ದರೆ ಸಾಲ ಯಾಕೆ, ಚೆನ್ನಾಗಿಲ್ಲದಿದ್ದರೆ ತೀರಿಸೋದು ಹೇಗೆ ಎಂದು ಕೇಳಿದರಂತೆ. ಅಕ್ಕ ಇನ್ನೂ ಗಾಲಿಕುರ್ಚಿಯಲ್ಲಿ. ಮನೆ ನಡೆಯಬೇಕಾದದ್ದು ಅದೇ ಕೈಯಿಂದ.

ವಕೀಲ ತಲೆ ಚಚ್ಚಿಕೊಂಡ. ಡಾಕ್ಟರ ಸರ್ಟಿಫಿಕೇಟು ಇದ್ದರೆ ಆಯಿತೇ? ಅಪಘಾತದಿಂದಲೇ ಆದದ್ದು ಎನ್ನಲು ಸಾಕ್ಷಿ ಬೇಡವೇ? ಆಸ್ಪತ್ರೆಯಿಂದ ಬಂದ ಹೊಸದರಲ್ಲೇ ಅವನ ಕೈ ತಪ್ಪಿದ್ದನ್ನು ಕಣ್ಣಾರೆ ಕಂಡ ಒಬ್ಬರಾದರೂ ಪಾಲು ತೀರ್ಮಾನಿಸುವ ರಾಜಿ ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು ಅಂದ. ನಾನು ಕೇಳಿದ್ದೇನೆ, ಕಂಡಿಲ್ಲ. ಗೋಡೆಯಾಚೆಯ ಸದ್ದು ಸಾಕ್ಷಿಯಾಗುವುದಿಲ್ಲವಂತೆ. ಬೆಣ್ಣೆಕೈಯ ಮುಖ ಮಾತ್ರ ಅರಳಿತು. ಮೇಷ್ಟ್ರು ಇದ್ದಾರಲ್ಲ, ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ ಅಂದ.

ರಾಜಿ ಸಭೆ ನಡೆದದ್ದು ಕಿಟಕಿಯಿಲ್ಲದ ಕೋಣೆಯಲ್ಲಿ, ಉದ್ದನೆಯ ಮೇಜಿನ ಸುತ್ತ. ಅಕ್ಕನ ಗಾಲಿಕುರ್ಚಿ ತಳ್ಳಿಕೊಂಡು ನಾನೂ ಒಳಗೆ ಹೋದೆ. ನಡುವೆ ಕೂತಿದ್ದ ಹಿರಿಯ ಅಧಿಕಾರಿಣಿ ಒಳ್ಳೆಯವರೇ. ಬೆಣ್ಣೆಕೈ ಎದ್ದು ನಿಂತು, ಬೀದಿಯವರ ಎದುರು ಮೊದಲ ಸಲ ಬಲಗೈಯನ್ನು ಚಾಚಿದ. ಅದು ಗಡಗಡ ನಡುಗುತ್ತಿತ್ತು. ಕಂಪನಿ ಕೊಡುವ ಹಣ ಅಷ್ಟೇ ಆದರೂ, ಸುಳ್ಳು ಪೆಟ್ಟು ಒಪ್ಪೆನೆಂದು ವಿಮೆಯ ವಕೀಲ ಆಸ್ಪತ್ರೆಯ ಹೇಳಿಕೆ ಓದಿದ. ಆಮೇಲೆ, ಬೇಕೆಂದರೆ ಯಾರು ಬೇಕಾದರೂ ಕೈ ನಡುಗಿಸಬಹುದು ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ತಮ್ಮ ಅನ್ನದ ತಟ್ಟೆ ಹಿಡಿಯಲಾರದೆ ಎಷ್ಟೋ ಸಲ ಬೀಳಿಸಿದ್ದಾನೆ ಎಂದು ಅಕ್ಕ ಅಳುತ್ತ ಹೇಳಿದಳು. ಅಕ್ಕ ತಮ್ಮನ ಪರವಾಗಿ ಹೇಳುವುದು ಸಹಜ ಎಂದು ವಿಮೆಯವರು ಅದನ್ನೂ ತಳ್ಳಿಹಾಕಿದರು.

ಅಧಿಕಾರಿಣಿ ಉಳಿದಿಬ್ಬರ ಕಡೆ ತಿರುಗಿ ಬಿಡಿಸಿ ಹೇಳಿದರು. ಈ ಕೈ ಲೆಕ್ಕಕ್ಕೆ ಬಂದರೆ ನಿಮ್ಮ ಪಾಲು ಇಳಿಯುತ್ತದೆ, ಆದರೂ ಕಂಡದ್ದನ್ನು ಹೇಳಬೇಕು ಅಂದರು. ಇಸ್ತ್ರಿಯವನು ತನಗೇನೂ ಗೊತ್ತಿಲ್ಲವೆಂದು ಮೇಜು ನೋಡಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೇಷ್ಟ್ರ ಸರದಿ ಬಂತು. ಒಂದು ಕಣ್ಣು ಹೋಗಿಯೇ ಬಿಟ್ಟಿತ್ತು, ಇನ್ನೊಂದೂ ಮಸುಕಾಗುತ್ತಿತ್ತು. ಅವರ ಪಾಲೆಲ್ಲ ಆ ಉಳಿದ ಕಣ್ಣಿನ ಚಿಕಿತ್ಸೆಗೆ ಎಂದು ನಮಗೆಲ್ಲ ತಿಳಿದಿತ್ತು. ಬೆಣ್ಣೆಕೈ ಅವರನ್ನೇ ನೋಡುತ್ತಿದ್ದ, ದೇವರ ಮುಂದೆ ನಿಂತವನ ಹಾಗೆ.

ಮೇಷ್ಟ್ರ ಕೈ ಕುತ್ತಿಗೆಯ ಹತ್ತಿರ ಹೋಯಿತು. ಕಾಲರಿನ ಮೇಲಿನ ಗುಂಡಿ ಹಾಕಿಕೊಂಡರು.

"ನಾನು ಕಂಡ ಹಾಗೆ ಅವನ ಕೈ ಚೆನ್ನಾಗೇ ಇತ್ತು," ಅಂದರು.

ಬೆಣ್ಣೆಕೈ ಜಗಳವಾಡಲಿಲ್ಲ. ಕಾಲರ್ ಸರಿಸಿ ನೋಡಿ ಎಂದು ಕೂಗಬಹುದಿತ್ತು, ಕೂಗಲಿಲ್ಲ. ನಾನು ಬಾಯಿ ತೆರೆದರೆ ನನ್ನ ತೋಳು ಹಿಡಿದು ತಡೆದ. ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದು, ಕೊಟ್ಟಲ್ಲಿ ರುಜು ಹಾಕಿದ. ಹೊರಗೆ ಬಂದ ಮೇಲೆ ಗೋಡೆಗೆ ಹಣೆ ಆನಿಸಿ ನಿಂತು, ಮುಗೀತಲ್ಲ ಅಣ್ಣ, ಕೈಗೇನೂ ಆಗಿಲ್ಲ ಅಂತ ನಾನೇ ಹೇಳಿದ್ದು ತಾನೇ ಅಂದ. ಅಕ್ಕ ತನ್ನ ಪಾಲಿನಿಂದ ಕೈ ಸರಿ ಮಾಡಿಸಿಕೋ ಎಂದು ಅವನ ಅಂಗಿ ಹಿಡಿದು ಎಳೆದಳು. ನಿನ್ನ ಕಾಲು ಮಾರಿ ನನ್ನ ಕೈ ಕೊಳ್ಳಲೇ ಎಂದು ಅವಳ ಮೇಲೆಯೇ ರೇಗಿದ. ಅವನು ಅಕ್ಕನ ಮೇಲೆ ದನಿಯೆತ್ತಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ವಾರ ಕಳೆದಿರಲಿಲ್ಲ, ಬೆಳಗ್ಗೆ ಮೇಷ್ಟ್ರು ಗೋಡೆ ಸವರಿಕೊಂಡು ಬಂದು ಅವನ ಅಂಗಡಿ ಹೊಕ್ಕರು. ಈ ಮುದುಕ ಇನ್ನೇನು ಕಿತ್ತುಕೊಳ್ಳಲು ಬಂದ ಎಂದು ಕೈಯಲ್ಲಿದ್ದ ಗಡಿಯಾರ ಬಿಟ್ಟು ನಾನು ಎದ್ದುಹೋದೆ. ಒಳಗೆ ಬೆಂಚಿನ ಮೇಲೆ ಇಬ್ಬರು ಕಾಯುತ್ತಿದ್ದರು. ಮೇಷ್ಟ್ರು ಸೀದಾ ಕುರ್ಚಿಯಲ್ಲಿ ಕೂತು ಕಾಲರಿನ ಗುಂಡಿ ಬಿಚ್ಚಿ ಕತ್ತೆತ್ತಿದರು. ಗೀರು ಅಲ್ಲಿ ಬೆಳ್ಳಗೆ ಕಾಣುತ್ತಿತ್ತು.

"ಗಡ್ಡ ಮಾಡಪ್ಪ. ಕುಯ್ದರೆ ಕುಯ್ಯಲಿ. ನಾನೇನೂ ಅನ್ನಲ್ಲ."

ಬೆಣ್ಣೆಕೈ ನೊರೆ ಹಚ್ಚಿದ. ಹೊಸ ಬ್ಲೇಡು ಹಾಕಿದ. ಕತ್ತಿ ಗಂಟಲ ಹತ್ತಿರ ಬಂತು, ಅಲ್ಲೇ ನಿಂತು ನಡುಗಿತು. ಎಡಗೈಯಿಂದ ಮಣಿಕಟ್ಟು ಹಿಡಿದ, ಆಗಲೂ ನಿಲ್ಲಲಿಲ್ಲ. ಮೇಷ್ಟ್ರ ಮುಚ್ಚಿದ ಕಣ್ಣಿನಿಂದ ನೀರು ಇಳಿದು ನೊರೆಗೆ ಸೇರುತ್ತಿತ್ತು. ಅವನು ಕತ್ತಿ ಮಡಚಿ ಬದಿಗಿಟ್ಟು, ಟವೆಲಿನಿಂದ ಅವರ ಮುಖವನ್ನು ಮಗುವಿನ ಮುಖ ಒರೆಸುವಂತೆ ಒರೆಸಿದ.

"ಎದುರಿನ ಅಂಗಡಿಗೆ ಹೋಗಿ ಮೇಷ್ಟ್ರೇ. ನನ್ನ ಕೈ ಹೋಗಿದೆ."

ಬೀದಿಯ ಕಿವಿಗೆ ಬೀಳುವಷ್ಟು ಜೋರಾಗಿಯೇ ಹೇಳಿದ. ಬೆಂಚಿನಲ್ಲಿದ್ದ ಇಬ್ಬರೂ ಎದ್ದು ಚಪ್ಪಲಿ ಮೆಟ್ಟಿಕೊಂಡು, ಅವನ ಮುಖ ನೋಡದೆ ಹೊರಗೆ ಹೋದರು. ಮೇಷ್ಟ್ರು ಮಾತ್ರ ಕತ್ತೆತ್ತಿಕೊಂಡು ಹಾಗೇ ಕೂತಿದ್ದರು.